ಓದಿ ಹೇಳದ ಕಾಗದ

ನಂಜನಗೂಡಿನ ಕೋರ್ಟಿನ ಮೆಟ್ಟಿಲು ಹತ್ತುವಾಗ ನಾನು ಈಗಲೂ ಎರಡು ಕಡೆ ನಿಲ್ಲುತ್ತೇನೆ. ಮೊದಮೊದಲು ಜೊತೆಯ ವಕೀಲರು, “ಏನ್ ಮೇಡಂ, ಮೆಟ್ಟಿಲ ಮೇಲೂ ವಾಯಿದೆ ತಗೊಂಡ್ರಾ?” ಎಂದು ರೇಗಿಸುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ, ಅವರಿಗೂ ಅಭ್ಯಾಸವಾಗಿದೆ. ಕೊರೋನಾದ ಎರಡನೇ ಅಲೆಯಲ್ಲಿ ನಾನು ಹದಿನಾರು ದಿನ ಆಸ್ಪತ್ರೆಯಲ್ಲಿದ್ದೆ. ಶ್ವಾಸಕೋಶ ಮುಕ್ಕಾಲು ಪಾಲು ವಾಪಸು ಬಂದಿದೆ ಎಂದು ಡಾಕ್ಟರು ಹೇಳುತ್ತಾರೆ. ವಾಪಸು ಬಾರದ ಇನ್ನೊಂದು ವಿಷಯವಿದೆ. ಕಾಯಿಲೆಯಿಂದ ಎದ್ದು ಬಂದ ಮೇಲೂ ಪಕ್ಕದ ಹಾಸಿಗೆಯ ದನಿ ಕಿವಿಯಲ್ಲೇ ಉಳಿದು, ಅದನ್ನು ಮನೆಯವರಿಗೂ ಹೇಳಲಾಗದೆ ಒದ್ದಾಡಿದವಳು ನಾನೊಬ್ಬಳೇ ಇರಲಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸುಜಾತ. ಹುಟ್ಟಿದ್ದು ತಿ. ನರಸೀಪುರ, ಮದುವೆಯಾಗಿ ಬಂದದ್ದು ನಂಜನಗೂಡಿಗೆ. ಗಂಡ ಸಿದ್ದರಾಜು ಹೈಸ್ಕೂಲು ಮೇಷ್ಟ್ರು. ನಮ್ಮಪ್ಪ ನರಸೀಪುರದಲ್ಲಿ ರಿಜಿಸ್ಟ್ರಾರ್ ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ಕ್ರಯಪತ್ರ, ಭೋಗ್ಯಪತ್ರ ಬರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಪೆನ್ನು ಹಿಡಿದು ಬದುಕಿದ ಮೊದಲನೆಯವರು ಅವರೇ. ಅವರಪ್ಪ, ಅಂದರೆ ನನ್ನ ತಾತ, ಗುತ್ತಿಗೆ ಪತ್ರ ಎಂದು ಹೇಳಿದ್ದನ್ನು ನಂಬಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಳೆ ಪಕ್ಕದ ಗದ್ದೆ ಕಳೆದುಕೊಂಡಿದ್ದರು. ಹಾಗಾಗಿ ಅಪ್ಪನಿಗೆ ಒಂದು ಹಟವಿತ್ತು. ಬರೆದ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳದೆ ಯಾರ ಹೆಬ್ಬೆಟ್ಟಿಗೂ ಇಂಕು ಹಚ್ಚುತ್ತಿರಲಿಲ್ಲ. “ಬಸ್ಸಿಗೆ ಹೊತ್ತಾಯ್ತದೆ ಸಾ, ಒತ್ತುಸ್ಕಳಿ” ಎಂದು ಜನ ಗೋಗರೆದರೂ, “ಬಸ್ಸು ಇನ್ನೊಂದ್ ಬತ್ತದೆ, ಗದ್ದೆ ಬರಾಕಿಲ್ಲ, ಕೂತ್ಕೊ” ಎನ್ನುತ್ತಿದ್ದರು. ಹಳೇ ಮೈಸೂರಿನ ಪತ್ರಗಳಲ್ಲಿ ತೀರಾ ಕೆಳಗೆ, ಬರೆದವರು ತಮ್ಮ ಹೆಸರು ಹಾಕುವ ಜಾಗಕ್ಕೆ ‘ಬಿಕ್ಕಲಂ’ ಎನ್ನುತ್ತಾರೆ. ಬಿಕ್ಕಲಂ ಜಾಗದಲ್ಲಿ ಅಪ್ಪನ ಹೆಸರಿದೆ ಎಂದರೆ ಮೂಗೂರಿನ ಕಡೆಯವರೂ ಕಣ್ಣುಮುಚ್ಚಿ ನಂಬುತ್ತಿದ್ದರು.

ನಾನು ವಕೀಲೆಯಾದ ಮೇಲೂ ನಾನು ಬರೆದ ಎಲ್ಲ ಕಾಗದದ ಕೆಳಗೆ ಬಿಕ್ಕಲಂ ಎಂದು ನನ್ನ ಹೆಸರು ಹಾಕುವುದನ್ನು ಬಿಡಲಿಲ್ಲ. ಅದರ ಅಗತ್ಯವೇ ಇಲ್ಲದ ಅರ್ಜಿಗೂ ಹಾಕುತ್ತಿದ್ದೆ. ಅಪ್ಪ ಹೋದ ಮೇಲೆ ಅದು ಅವರಿಗೆ ದಿನಾ ಮಾಡುವ ನಮಸ್ಕಾರದ ಹಾಗೆ ಆಗಿತ್ತು.

ಲಾಕ್‌ಡೌನ್ ಬಂದಾಗ ಕೋರ್ಟು ಮುಚ್ಚಿತು, ನನ್ನ ಫೋನು ಮಾತ್ರ ಮುಚ್ಚಲಿಲ್ಲ. ಸರ್ಕಾರ ವಾರಕ್ಕೊಂದು ಆದೇಶ ಹೊರಡಿಸುತ್ತಿತ್ತು, ಜನ ಅದರ ಅರ್ಥವನ್ನು ನನ್ನನ್ನು ಕೇಳುತ್ತಿದ್ದರು. ಕಡ್ಲೆಪುರಿ ಅಗತ್ಯ ವಸ್ತುವೋ ಅಲ್ಲವೋ ಎಂದು ಒಬ್ಬ ಅಂಗಡಿಯವನು ಅರ್ಧ ಗಂಟೆ ವಾದ ಮಾಡಿದ. ಮದುವೆಗೆ ಐವತ್ತು ಜನ ಎಂದರೆ ಅಡುಗೆಯವರನ್ನೂ ಸೇರಿಸಿ ಎಣಿಸಬೇಕಾ ಎಂದು ಬಿಳಿಗೆರೆಯಿಂದ ಹೆಣ್ಣಿನ ತಂದೆ ಕೇಳಿದರು. ನರ್ಸ್ ಕೆಲಸದ ಹುಡುಗಿಯನ್ನು ಮನೆ ಖಾಲಿ ಮಾಡು ಎಂದ ಯಜಮಾನನಿಗೆ ಫೋನಿನಲ್ಲೇ ಕಾನೂನು ಓದಿ ಬೆವರಿಳಿಸಿದೆ. ನಿಜ ಹೇಳಬೇಕೆಂದರೆ ಆ ದಿನಗಳು ನನಗೆ ಹಿತವಾಗಿಯೇ ಇದ್ದವು. ಎಲ್ಲರೂ ಹೆದರಿದ್ದಾಗ ನಾನು ಬೇಕಾದವಳಾಗಿದ್ದೆ.

ಎರಡನೇ ಅಲೆ ಏಳುವ ಹೊತ್ತಿಗೆ ತಾಂಡ್ಯದ ಕೈಗಾರಿಕಾ ಪ್ರದೇಶದಿಂದ ಒಂದು ಸಣ್ಣ ಪ್ಯಾಕಿಂಗ್ ಕಾರ್ಖಾನೆಯ ಮ್ಯಾನೇಜರ್ ಫೋನು ಮಾಡಿದರು. ಅದರ ಹೆಸರು ಇಲ್ಲಿ ಬೇಡ. ನಿಯಮ ಪಾಲಿಸಿ ಕೆಲಸ ನಡೆಸಲು ಅನುಮತಿ ಸಿಕ್ಕಿದೆ, ಕೆಲಸಗಾರರಿಂದ ದಿನಾ ಒಂದು ಹೇಳಿಕೆ ತೆಗೆದುಕೊಳ್ಳಬೇಕು, ಒಂದು ಒಳ್ಳೆಯ ಫಾರಂ ಬರೆದುಕೊಡಿ ಎಂದರು. ಮನೆಯ ಊಟದ ಮೇಜಿನ ಮೇಲೆ ಕಾಫಿ ಆರುವುದರೊಳಗೆ ಬರೆದು ಮುಗಿಸಿದೆ. “ನಾನು ಈ ದಿನ ಜ್ವರ, ಕೆಮ್ಮು, ನೆಗಡಿ ಯಾವುದೂ ಇಲ್ಲದೆ ಆರೋಗ್ಯವಾಗಿದ್ದು, ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಕೆಲಸಕ್ಕೆ ಹಾಜರಾಗಿರುತ್ತೇನೆ. ಮುಂದೆ ನನಗೆ ಸೋಂಕು ತಗುಲಿದಲ್ಲಿ ಕಾರ್ಖಾನೆಯವರು ಜವಾಬ್ದಾರರಲ್ಲ. ಮೇಲ್ಕಂಡ ವಿಷಯವನ್ನು ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಸಹಿ ಅಥವಾ ಎಡಗೈ ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ.” ಕೊನೆಯ ಸಾಲು ಯೋಚಿಸಿ ಬರೆದದ್ದಲ್ಲ. ಅಪ್ಪನ ಪತ್ರಗಳ ಕೊನೆಯಲ್ಲಿ ಇರುತ್ತಿತ್ತು, ಕೈ ತಾನಾಗಿ ಬರೆಯಿತು. ಅದರ ಕೆಳಗೆ ಬಿಕ್ಕಲಂ, ಸುಜಾತ, ವಕೀಲರು, ನಂಜನಗೂಡು. ಓದಿ ಹೇಳುವವರು ಯಾರು ಎಂದು ಮ್ಯಾನೇಜರನ್ನು ನಾನು ಕೇಳಲಿಲ್ಲ.

ಅದಾಗಿ ಒಂದು ತಿಂಗಳಿಗೆ ನನಗೆ ಜ್ವರ ಬಂತು. ಯಾರಿಂದ ಬಂತು ಎಂದು ಸಿದ್ದರಾಜು ಪಟ್ಟಿ ಹಾಕಲು ಕೂತರು. “ಬಾಗಿಲಿಗೆ ಬಂದೋರಿಗೆಲ್ಲ ಕಾನೂನು ಹೇಳ್ತಿದ್ದೆಯಲ್ಲ, ಈಗ ಹೇಳು” ಎಂದು ಕೂಗಾಡಿದರು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನಲ್ಲಿಯ ಸದ್ದಿಗೆ ಅಳು ಕೇಳಿಸುವುದಿಲ್ಲ ಎಂದುಕೊಂಡಿದ್ದರು, ಪಾಪ.

ಸ್ಕ್ಯಾನಿಂಗಿಗೆ ಕಾಯುತ್ತಿದ್ದ ಮೂರು ಗಂಟೆ ಮರೆಯುವಂಥದ್ದಲ್ಲ. ಕುರ್ಚಿ ಬಿಟ್ಟು ಕುರ್ಚಿಗೆ ಕೆಂಪು ಟೇಪಿನ ಗುಣಾಕಾರದ ಗುರುತು. ಅಲ್ಲೂ ಒಬ್ಬರು ನನ್ನನ್ನು ಗುರುತಿಸಿ ದೂರದಿಂದಲೇ, “ಮೇಡಂ, ನಮ್ಮಪ್ಪಂಗೆ ಸೈನ್ ಮಾಡಾಕ್ ಆಗ್ದಂಗ್ ಆಗೋದ್ರೆ ಪೆನ್ಷನ್ ಬುಕ್ಕಿಗೆ ಏನ್ ಮಾಡ್ಬೇಕು?” ಎಂದು ಕೇಳಿದರು. ಅವರಪ್ಪ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದರು, ಕೇಳಿಸಿಕೊಂಡರು. ನಾನು ಉತ್ತರ ಹೇಳಲು ಬಾಯಿ ತೆರೆದೆ. ಒಂದು ವಾಕ್ಯಕ್ಕೆ ಬೇಕಾದಷ್ಟು ಉಸಿರು ನನ್ನಲ್ಲಿರಲಿಲ್ಲ. ನನಗೆ ನಿಜವಾದ ಭಯ ಹುಟ್ಟಿದ್ದು ಆಗ.

ಹೆಂಗಸರ ವಾರ್ಡಿನಲ್ಲಿ ನನಗೆ ಏಳನೇ ಹಾಸಿಗೆ ಸಿಕ್ಕಿತು. ಆಕ್ಸಿಜನ್ ಮಾಸ್ಕು ಕಟ್ಟಿದ ಮೇಲೆ ಅಲ್ಲಿ ಯಾರಿಗೂ ಮುಖವಿರಲಿಲ್ಲ, ಹೆಸರೂ ಇರಲಿಲ್ಲ. ಏಳನೇ ಬೆಡ್ಡು ಕವುಚಿ ಮಲಗಿ, ಎಂಟನೇ ಬೆಡ್ಡು ನೀರು ಕುಡೀರಿ. ಸಿಸ್ಟರುಗಳು ಒಳ್ಳೆಯವರು. ಒಬ್ಬರು ದಿನವೂ ಬೆಳಿಗ್ಗೆ ಹೋಗುವಾಗ ಎಲ್ಲರ ಪಾದವನ್ನು ಒಂದು ಸಲ ಮುಟ್ಟಿ ಒತ್ತಿ ಹೋಗುತ್ತಿದ್ದರು. ಆ ಗ್ಲೌಸಿನ ಕೈಗಾಗಿ ನಾನು ಕಾಯುತ್ತಿದ್ದೆ. ಸಿದ್ದರಾಜು ಕಳಿಸುತ್ತಿದ್ದ ಫ್ಲಾಸ್ಕಿನ ಮೇಲೆ ನನ್ನ ಹೆಸರು ಬರೆದು ಅಂಟಿಸಿರುತ್ತಿದ್ದರು. ನರಸೀಪುರದಿಂದ ಅವ್ವ ಫೋನು ಮಾಡಿ, “ಮಾತಾಡ್ಬೇಡ, ಉಸ್ರು ಬುಡು ಸಾಕು, ನಾ ಕೇಳ್ತಿರ್ತೀನಿ” ಎನ್ನುತ್ತಿದ್ದಳು. ನಾನು ಉಸಿರು ಬಿಡುತ್ತಿದ್ದೆ, ಅವಳು ಕೇಳುತ್ತಿದ್ದಳು.

ನಾನು ಬಂದ ಮಾರನೇ ದಿನ ಎಂಟನೇ ಹಾಸಿಗೆಗೆ ಒಬ್ಬ ಹೆಂಗಸು ಬಂದರು. ಐವತ್ತು ದಾಟಿರಬಹುದು, ಸಣ್ಣ ಮೈ. ಬೆರಳಿಗೆ ಹಾಕಿ ಆಕ್ಸಿಜನ್ ಪ್ರಮಾಣ ನೋಡುವ ಕ್ಲಿಪ್ಪನ್ನು ಸಿಸ್ಟರ್ ತಂದಾಗಲೆಲ್ಲ ಅವರು ಎಡಗೈ ಹೆಬ್ಬೆಟ್ಟನ್ನು ಮುಂದೆ ಮಾಡುತ್ತಿದ್ದರು. “ಹೆಬ್ಬೆಟ್ಟಲ್ಲಮ್ಮಾ, ತೋರುಬೆರಳು” ಎಂದು ಸಿಸ್ಟರ್ ನಗುತ್ತಿದ್ದರು. ಮುಂದಿನ ಸಲ ಮತ್ತೆ ಹೆಬ್ಬೆಟ್ಟೇ. ಯಾರಾದರೂ ಏನಾದರೂ ಹಿಡಿದುಕೊಂಡು ಮುಂದೆ ನಿಂತರೆ ಹೆಬ್ಬೆಟ್ಟು ಕೊಡಬೇಕು ಎಂಬುದು ಅವರ ಕೈಗೆ ಅಷ್ಟು ರೂಢಿಯಾಗಿತ್ತು.

ಮಧ್ಯಾಹ್ನದ ಹೊತ್ತು ಅವರಿಗೆ ಸ್ವಲ್ಪ ಉಸಿರು ಸಲೀಸಾಗಿ ಮಾತು ಬರುತ್ತಿತ್ತು. ಹೆಸರು ಚಿಕ್ಕತಾಯಮ್ಮ, ಊರು ಬಿಳಿಗೆರೆ ಕಡೆ ಒಂದು ಹಳ್ಳಿ, ತೌರು ಮೂಗೂರು. ಗಂಡ ಇಲ್ಲ, ಒಬ್ಬಳೇ ಮಗಳು ಭಾಗ್ಯ. ತಾಂಡ್ಯದಲ್ಲಿ ಪ್ಯಾಕಿಂಗ್ ಕೆಲಸ.

“ನಂಗೇನ್ ಭಯ ಇಲ್ಲ ಕಣವ್ವ” ಎಂದರು. “ಫ್ಯಾಕ್ಟ್ರೀಲಿ ಲಾಯರ್ ಬರ್ದಿರೋ ಪೇಪರ್ ಮಾಡ್ಸವ್ರೆ. ಏನಾರ ಎಚ್ಚುಕಮ್ಮಿ ಆದ್ರೆ ಎಲ್ಲಾ ಅವ್ರೇ ನೋಡ್ಕತಾರೆ.”

ನಾನು ಮಾಸ್ಕು ಹಾಕಿಕೊಂಡೇ ತಲೆಯಾಡಿಸಿದೆ.

“ಬರ್ದಿರೋರು ಯಾರು ಗೊತ್ತಾ? ನರಸೀಪುರ್ದ ಪತ್ರ ಬರೆಯೋರ ಮಗ್ಳಂತೆ. ನಮ್ಮಪ್ಪಂಗೆ ಅವ್ರೇ ಪತ್ರ ಬರ್ದಿದ್ದು. ಎಲ್ಡೆಲ್ಡ್ ಸಲ ಓದಿ ಯೋಳೋರು, ಪುಣ್ಯಾತ್ಮ. ಪೇಪರ್ ಕೆಳ್ಗೆ ಆವಮ್ಮನ್ ಎಸ್ರು ಅದೆ ಅಂತ ಗೇಟ್ನವ್ನು ಯೋಳ್ದ. ಅವ್ರ್ ಮಗ್ಳು ಬರ್ದಿರೋದು ಅಂದ್ಮೇಲೆ ನಮ್ ಒಳ್ಳೇದ್ಕೇ ಇರ್ಬೇಕು ಅಂತ ನಾನೇ ಮೊದ್ಲು ಒತ್ದೆ. ನನ್ ನೋಡಿ ಉಳ್ದೋರು ಒತ್ತುದ್ರು.”

ಅಪ್ಪನ ಮಾತು ಬಂದಾಗ ಒಂದು ಕ್ಷಣ ಹೆಮ್ಮೆಯಾಯಿತು, ಅದನ್ನೂ ಬಚ್ಚಿಡುವುದಿಲ್ಲ. ಅವರು ಹೇಳುತ್ತಾ ಹೋದರು. ದಿನಾ ಒತ್ತಿಸಿಕೊಂಡರೆ ಕೆಲಸಕ್ಕೆ ತಡವಾಗುತ್ತದೆಂದು ಒಂದೇ ಬೆಳಿಗ್ಗೆ ಇಡೀ ತಿಂಗಳಿನ ಫಾರಂಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ತಾರೀಕಿನ ಜಾಗ ಖಾಲಿ. ಜ್ವರ ಬಂದ ದಿನ ಇವರು ಸೂಪರ್‌ವೈಸರ್ ಹತ್ತಿರ ಹೋಗಿ, ಮೈ ಸುಡುತ್ತಿದೆ, ಮನೆಗೆ ಹೋಗುತ್ತೇನೆ ಎಂದು ಕೇಳಿದ್ದಾರೆ. “ಆರಾಮಾಗಿದ್ದೀನಿ ಅಂತ ಪೇಪರ್ ಕೊಟ್ಟಿದ್ದೀಯಲ್ಲ, ಹೋಗಿ ಕೆಲಸ ನೋಡು” ಎಂದರಂತೆ. ಇನ್ನೂ ಮೂರು ದಿನ ಕೆಲಸ ಮಾಡಿದ್ದಾರೆ.

“ಆ ಪೇಪರ್ನಲ್ಲಿ ಏನ್ ಬರ್ದದೆ ಅಂತ ನಿಂಗೇನಾರ ಗೊತ್ತಾ ಕೂಸು? ನೀನು ಓದ್ದೋಳಂಗೆ ಕಾಣ್ತೀಯ.”

ನನಗೆ ಗೊತ್ತಿತ್ತು. ಅಕ್ಷರ ಅಕ್ಷರ ಗೊತ್ತಿತ್ತು. ನಾನು ಮಾಸ್ಕಿನ ಕಡೆ ಬೆರಳು ತೋರಿಸಿ, ಮಾತಾಡಲು ಆಗುವುದಿಲ್ಲ ಎಂದು ಸನ್ನೆ ಮಾಡಿದೆ. ಆ ಹೊತ್ತಿನಲ್ಲಿ ನನಗೆ ನಾಲ್ಕು ಮಾತಾಡುವಷ್ಟು ಉಸಿರಿತ್ತು. ಹತ್ತು ನಿಮಿಷದ ಹಿಂದೆ ಆಯಾ ಹತ್ತಿರ ಫ್ಲಾಸ್ಕಿನ ಮುಚ್ಚಳ ಕೇಳಿದ್ದೆ.

“ಬ್ಯಾಡ ಬುಡವ್ವ, ಸುಸ್ತು ಮಾಡ್ಕಬ್ಯಾಡ” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ನಾಳೆ ಹೇಳೋಣ, ಸ್ವಲ್ಪ ಹುಷಾರಾಗಲಿ, ಈಗ ಹೇಳಿದರೆ ಧೈರ್ಯ ಕುಸಿಯುತ್ತದೆ ಎಂದು ನನಗೆ ನಾನೇ ವಕಾಲತ್ತು ಹಾಕಿಕೊಂಡೆ. ಮೂರು ಮಧ್ಯಾಹ್ನ ಹೀಗೇ ಹೋದವು. ನಾಲ್ಕನೇ ದಿನ ಬೆಳಿಗ್ಗೆ ಇಡ್ಲಿ ಹಂಚುವ ಹೊತ್ತಿಗೆ ಅವರಿಗೆ ಉಸಿರು ಹತ್ತಲಿಲ್ಲ. ಡಾಕ್ಟರು, ಸಿಸ್ಟರು ಎಲ್ಲರೂ ಓಡಿ ಬಂದರು, ಮಾಡುವುದನ್ನೆಲ್ಲ ಮಾಡಿದರು. ಪರದೆ ಎಳೆಯುವ ಮುಂಚೆ ನನಗೆ ಕಂಡದ್ದು ಮಂಚದಿಂದ ಕೆಳಗೆ ಜೋತುಬಿದ್ದ ಎಡಗೈ. ಒಂಬತ್ತರ ಹೊತ್ತಿಗೆ ಹಾಸಿಗೆ ಖಾಲಿಯಾಗಿ, ಹತ್ತಕ್ಕೆ ಹೊಸ ಬೆಡ್‌ಶೀಟು ಬಂತು. ಅವರ ಪಾಲಿನ ಇಡ್ಲಿ ಮಧ್ಯಾಹ್ನದವರೆಗೂ ಸ್ಟೂಲಿನ ಮೇಲೇ ಇತ್ತು.

ನಾನು ಮನೆಗೆ ಬಂದೆ. ಬೀದಿಯವರು ಚಪ್ಪಾಳೆ ತಟ್ಟಿದರು, ಯಾರೋ ರಸಬಾಳೆ ಗೊನೆ ಕಳಿಸಿದರು. ನನಗೆ ಮಧ್ಯಾಹ್ನವಾಗುವುದೇ ಬೇಡ ಅನಿಸುತ್ತಿತ್ತು. ಮೂರು ಗಂಟೆಯಾದರೆ ಸಾಕು, ಎಡಗಡೆಯಿಂದ, ಗೋಡೆ ಇರುವ ಕಡೆಯಿಂದ, ಏನ್ ಬರ್ದದೆ ಎಂಬ ದನಿ. ಬಾಗಿಲಿಗೆ ಬಂದ ಕೊರಿಯರ್‌ನವನು ಸಹಿಗಾಗಿ ಮೊಬೈಲ್ ಚಾಚಿದಾಗ ನಾನು ಎಡಗೈ ಹೆಬ್ಬೆಟ್ಟು ಮುಂದೆ ಮಾಡಿದೆ. ಅವನು ನಕ್ಕ. ಸಿದ್ದರಾಜು ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತರು. “ವೀಕ್ನೆಸ್ಸು” ಎಂದೆ. ನಮ್ಮ ಮನೆಯಲ್ಲಿ ಹುಣ್ಣಿಮೆಗೆ ಎಲ್ಲರೂ ಕೂತು ಬುದ್ಧನ ಪಂಚಶೀಲ ಹೇಳುವ ರೂಢಿ. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಎಂಬ ಮಾತು ಬಂದಾಗ ನನಗೆ ಕೆಮ್ಮು ಬರುತ್ತಿತ್ತು. ಮನೆಯವರು ಅದನ್ನು ಕಾಯಿಲೆಯದೆಂದೇ ತಿಳಿದಿದ್ದರು.

ಐದಾರು ತಿಂಗಳು ಕಳೆದ ಮೇಲೆ ಒಂದು ದಿನ ಆಫೀಸಿಗೆ ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು ಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದಳು. ಮೇಜಿನ ಮೇಲೆ ಒಂದು ಜೆರಾಕ್ಸ್ ಇಟ್ಟು, ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟು, “ಇದು ನೀವೇನಾ ಮೇಡಂ?” ಎಂದು ಕೇಳಿದಳು. ಹೆಬ್ಬೆಟ್ಟಿನ ಗುರುತು ಒಂದು ಕಡೆ ಒರೆಸಿದಂತಾಗಿತ್ತು. ತಾರೀಕು ಬೇರೆ ಇಂಕಿನಲ್ಲಿತ್ತು.

ಭಾಗ್ಯ ಹೇಳಿದ್ದು ಇಷ್ಟು. ಅವ್ವನಿಗೆ ಜ್ವರ ಬಂದ ದಿನದ ಫಾರಂ ಇದು. ಕಾರ್ಮಿಕ ಇಲಾಖೆಗೆ ಪರಿಹಾರದ ಅರ್ಜಿ ಹಾಕಿದರೆ ಕಾರ್ಖಾನೆಯವರು ಇದನ್ನೇ ಮುಂದಿಟ್ಟು, ಚಿಕ್ಕತಾಯಮ್ಮ ಜ್ವರ ಮುಚ್ಚಿಟ್ಟು ಸುಳ್ಳು ಬರೆದುಕೊಟ್ಟು ಕೆಲಸಕ್ಕೆ ಬಂದಳು, ಅವಳಿಂದಲೇ ಉಳಿದವರಿಗೂ ಹರಡಿತು ಎಂದು ಉತ್ತರ ಕೊಟ್ಟಿದ್ದಾರೆ. ಅದು ಊರಿಗೂ ಮುಟ್ಟಿದೆ.

“ದುಡ್ಡು ಬರಾಕಿಲ್ಲ ಅಂದ್ರೆ ಬ್ಯಾಡ ಮೇಡಂ” ಎಂದಳು. “ನಲ್ಲಿ ತಾವ್ಕೆ ಓದ್ರೆ ಸುಳ್ಳಿ ಮಗ್ಳು ಬಂದ್ಲು ಅಂತಾರೆ. ನಿಮ್ಮವ್ವ ಬಾಯ್ಬುಟ್ಟಿದ್ರೆ ನಮ್ಮೋರು ಉಳ್ಕತಿದ್ರು ಅಂತಾರೆ. ನಮ್ಮವ್ವ ಸುಳ್ಳು ಯೋಳೋಳಲ್ಲ. ಅದೊಂದ್ ಮಾತು ಬರ್ಕೊಡ್ಸಿ ಸಾಕು.”

ನಾನು ಹೇಳಬಹುದಿತ್ತು, ಆಗಲೇ. ಫಾರಂ ಬರೆದದ್ದು ನಾನೇ, ಓದಿ ಹೇಳಿದ್ದನ್ನು ನಾನು ನೋಡಿಲ್ಲ ಎಂದಷ್ಟೇ ಹೇಳಿದೆ. ವಾರ್ಡಿನ ವಿಷಯ ಎತ್ತಲಿಲ್ಲ. ನಿನ್ನ ಕೇಸಿಗೆ ಬೇರೆ ವಕೀಲರನ್ನು ಗೊತ್ತು ಮಾಡಿಕೊಡುತ್ತೇನೆ, ನಾನು ಸಾಕ್ಷಿಯಾಗಿ ಬರುತ್ತೇನೆ ಎಂದೆ. ಅವಳು ಕೈಮುಗಿದಳು. 

ಸುದ್ದಿ ತಿಳಿದು ಮ್ಯಾನೇಜರ್ ಫೋನು ಮಾಡಿದರು. “ನೀವು ನಮ್ಮ ಲಾಯರು ಮೇಡಂ. ನೀವೇ ಬರೆದ ಕಾಗದದ ಮೇಲೆ ನೀವೇ ಸಾಕ್ಷಿ ಹೇಳಿದ್ರೆ ನಾಳೆ ನಿಮ್ಮ ಹತ್ರ ಯಾರು ಬರ್ತಾರೆ?” ಎಂದು ಮೆತ್ತಗೆ ಕೇಳಿದರು. ಬಾರ್ ರೂಮಿನಲ್ಲೂ ಹಿರಿಯರು ಅದನ್ನೇ ಹೇಳಿದರು. ಕಕ್ಷಿದಾರರು ನನಗೆ ಗುಟ್ಟಾಗಿ ಹೇಳಿದ್ದನ್ನು ನಾನು ಹೊರಗೆ ಹೇಳುವಂತಿಲ್ಲ, ಅದು ನನಗೂ ಗೊತ್ತಿತ್ತು. ಕಾಗದದ ಮೇಲೆ ಇರುವುದನ್ನು ಮತ್ತು ಎಂಟನೇ ಹಾಸಿಗೆಯಿಂದ ಕೇಳಿದ್ದನ್ನು ಮಾತ್ರ ಹೇಳುತ್ತೇನೆ ಎಂದು ಮನೆಯಿಂದಲೇ ಮ್ಯಾನೇಜರಿಗೆ ಫೋನು ಮಾಡಿ ತಿಳಿಸಿದೆ. ಕಾರ್ಖಾನೆಯ ಫೈಲು ವಾಪಸು ಕೊಟ್ಟೆ. ಫೋನಿನ ಮಾತು ಕಿವಿಗೆ ಬಿದ್ದ ಸಿದ್ದರಾಜು ಎಂಟನೇ ಹಾಸಿಗೆ ಎಂದರೇನು ಎಂದು ಕೇಳಿದಾಗ ಮೊದಲ ಸಲ ಒಬ್ಬರಿಗೆ ಎಲ್ಲ ಹೇಳಿದೆ. ಅವರು, “ಆ ಹುಡುಗಿಗೆ ಹೇಳಿದ್ದೀಯಾ?” ಎಂದರು. ಇಲ್ಲ ಎಂದೆ.

ವಿಚಾರಣೆಯ ದಿನ ಅಧಿಕಾರಿ ಮೂಲ ಫಾರಂ ನನ್ನ ಮುಂದಿಟ್ಟರು. ಭಾಗ್ಯ ಹಿಂದಿನ ಬೆಂಚಿನಲ್ಲಿದ್ದಳು.

“ಬಿಕ್ಕಲಂ ಅಂತ ಇರೋದು ನಿಮ್ಮ ಹೆಸರೇ?”

“ಹೌದು, ನನ್ನದೇ.”

“ಇದನ್ನ ಓದಿ ಹೇಳಿ ಹೆಬ್ಬೆಟ್ಟು ತಗೊಂಡಿದಾರೆ ಅಂತ ನೀವೇ ಬರೆದಿದೀರಿ.”

“ಬರೆದಿದ್ದೇನೆ. ಓದಿ ಹೇಳಿಲ್ಲ. ತಿಂಗಳ ಫಾರಂಗಳಿಗೆ ಒಂದೇ ದಿನ ಒತ್ತಿಸಿಕೊಂಡಿದ್ದಾರೆ. ಜ್ವರ ಬಂದ ದಿನ ಆಕೆ ಸೂಪರ್‌ವೈಸರ್‌ಗೆ ಹೇಳಿದ್ದಾರೆ.”

“ನಿಮಗೆ ಹೇಗೆ ಗೊತ್ತು?”

“ಆಕೆಯೇ ಹೇಳಿದರು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆ ಅವರದು. ನಾಲ್ಕು ದಿನ ಜೊತೆಗಿದ್ದೆ.”

ಹಿಂದಿನ ಬೆಂಚು ಕಿರ್ರೆಂದಿತು. ನಾನು ತಿರುಗಿ ನೋಡಲಿಲ್ಲ. ಎದುರು ಪಕ್ಷದವರು ಅರ್ಧ ಗಂಟೆ ಪ್ರಶ್ನೆ ಹಾಕಿದರು, ಕಾಯಿಲೆಯ ಭ್ರಮೆ ಇರಬಹುದಲ್ಲವೇ ಎಂದೂ ಕೇಳಿದರು. ಅಧಿಕಾರಿ ನನ್ನ ಹೇಳಿಕೆಯನ್ನು ಬರೆಸಿ, ಅದನ್ನು ನನಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡರು.

ಹೊರಗೆ ಕಾರಿಡಾರಿನಲ್ಲಿ ಭಾಗ್ಯ ಗೋಡೆಗೆ ಆತು ನಿಂತಿದ್ದಳು.

“ಅವ್ವನ್ ಪಕ್ಕದಲ್ಲೇ ಇದ್ರಾ?”

“ಇದ್ದೆ.”

“ಏನಾರ ಕೇಳುದ್ಲಾ?”

“ಆ ಪೇಪರ್‌ನಲ್ಲಿ ಏನು ಬರೆದಿದೆ ಅಂತ ಕೇಳಿದ್ರು. ನಂಗೆ ಗೊತ್ತಿತ್ತು. ಮಾತಾಡೋಕ್ಕಾಗಲ್ಲ ಅಂತ ಸನ್ನೆ ಮಾಡಿದೆ. ಮಾತಾಡೋಕ್ಕೆ ಆಗ್ತಿತ್ತು ಭಾಗ್ಯ. ನಾನು ಯಾರು ಅಂತಾನೂ ಹೇಳ್ಲಿಲ್ಲ.”

ಅವಳು ಬೈಯಲಿ ಎಂದು ಕಾದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ. ಅವಳು ವ್ಯಾನಿಟಿ ಬ್ಯಾಗಿನಿಂದ ಆ ಜೆರಾಕ್ಸ್ ತೆಗೆದು ಮಡಿಕೆ ಬಿಡಿಸಿ ನನ್ನ ಕೈಗೆ ಕೊಟ್ಟಳು.

“ಓದಿ.”

“ನೀನು ಓದಿದ್ದೀಯಲ್ಲ...”

“ನಾ ಓದಿವ್ನಿ. ನೀವು ಓದಿ. ಅವ್ವಂಗೆ ಓದ್ಬೇಕಾಗಿತ್ತಲ್ಲ, ಅಂಗೆ.”

ಅಪ್ಪ ಓದುತ್ತಿದ್ದ ಹಾಗೆ ನಿಧಾನವಾಗಿ, ಗಟ್ಟಿಯಾಗಿ ಓದಿದೆ. ಸ್ವಇಚ್ಛೆಯಿಂದ ಎಂಬಲ್ಲಿ ಉಸಿರು ಕಟ್ಟಿ ನಿಂತೆ. ಜವಾಬ್ದಾರರಲ್ಲ ಎಂಬಲ್ಲಿ ಮತ್ತೊಮ್ಮೆ ನಿಂತೆ. ಕಾರಿಡಾರಿನಲ್ಲಿ ಕಾಯುತ್ತಿದ್ದವರು ತಿರುಗಿ ನೋಡಿದರು. ಕೊನೆಯ ಸಾಲು, ಬಿಕ್ಕಲಂ, ನನ್ನ ಹೆಸರು, ಎಲ್ಲ ಓದಿ ಮುಗಿಸಿ, ಅಪ್ಪನ ರೂಢಿಯಂತೆ ಇನ್ನೊಂದು ಸಲ ಮೊದಲಿನಿಂದ ಶುರು ಮಾಡಿದೆ. ಎರಡನೆಯ ಸಲ ಮುಗಿದಾಗ ಭಾಗ್ಯ ಕಾಗದವನ್ನು ವಾಪಸು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಇನ್ನೂ ಏನೋ ಇರಬೇಕು ಎನ್ನುವಂತೆ ನೋಡಿದಳು.

“ಇಷ್ಟೇನಾ?” ಎಂದಳು. “ಎಲ್ಡ್ ಸಲ ಓದುದ್ರೂವೆ ಐದ್ ನಿಮ್ಸ ಆಗ್ಲಿಲ್ವಲ್ಲ ಮೇಡಂ.”